ಸಮಾರಾಧನೆಗೆ ಗಟ್ಟಿಮೇಳ

"ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಅಂದ್ರೇನು ಅಂತ ಗೊತ್ತಿರೋರು ಈ ದೇಶದಲ್ಲಿ ಇಬ್ಬರೇ. ಇನ್ನೊಬ್ಬ ನನ್ನ ಶಿಷ್ಯ."

ಹೀಗೆಂದವನು ತಿರುಮಲೇಶ. ಎಂಬತ್ತೊಂಬತ್ತರಲ್ಲಿ ಜಯನಗರದ ಒಂದು ಮಹಡಿ ಮೇಲೆ ರಾಮಪ್ರಸಾದರು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು. ಪಕ್ಕದ ಮೇಜಿನಲ್ಲಿ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯ ಪಾಠ ಕೊರೆಯುತ್ತಿದ್ದವನು ನಾನು. ಅವನು ಪಾಠಕ್ಕೆ ನಿಂತರೆ ಆ ದನಿಗೆ ಮೈಲಿಗಟ್ಟಲೆ ಆಚೆಯ ಉತ್ತರಹಳ್ಳಿಯ ಎಮ್ಮೆಗಳು ಹಾಲು ಇಳಿಸುತ್ತಿರಲಿಲ್ಲ. ಶಿಷ್ಯನನ್ನು ಮಾತ್ರ ನಾವ್ಯಾರೂ ಕಂಡವರಲ್ಲ.

ಅವನ ಎದುರಾಳಿ ಸತ್ಯಭಾಮಾ, ಅಲ್ಲೇ ಪಾಠ ಹೇಳುತ್ತಿದ್ದವರು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಫ್ಲಾಸ್ಕಿನಲ್ಲಿದ್ದ ಕಾಫಿ ಒಡೆದು ಮೊಸರಾಗುತ್ತಿತ್ತು. ಈ ಹೊಸ ವಿದ್ಯೆಯ ಸಂಜೆ ಬ್ಯಾಚು ಒಬ್ಬರಿಗೇ ಅಂತ ರಾಮಪ್ರಸಾದರು ಸಾರಿದ ಮೇಲಂತೂ ಕೇಳಬೇಡಿ.

ಜೆ.ಪಿ. ನಗರದಲ್ಲಿ ಛತ್ರವಿಟ್ಟಿದ್ದ ಚನ್ನಬಸವಯ್ಯನವರು ಬಂದರು. ಯಾವ ಸಮಾರಂಭಕ್ಕೆ ಏನೇನು ಅಣಿಯಾಗಬೇಕು ಅಂತ ಕೆಲಸದವರಿಗೆ ಹೇಳುವ ಪ್ರೋಗ್ರಾಮ್ ಬೇಕಿತ್ತು. "ತಿರುಮಲೇಶ, ನೀನೇ ಬರಿ. ಸರಿಹೋದ್ರೆ ಬ್ಯಾಚು ನಿಂದು," ಎಂದರು ರಾಮಪ್ರಸಾದರು.

ತಿರುಮಲೇಶ ಬೋರ್ಡಿನ ಮೇಲೆ 'ಮದುವೆ' ಅಂತ ದೊಡ್ಡದಾಗಿ ಬರೆದ. "ಇದು ತಾಯಿ. ನಾಮಕರಣ, ಮುಂಜಿ, ಸಮಾರಾಧನೆ ಎಲ್ಲಾ ಇದರ ಮಕ್ಕಳು. ತಾಯಿಗಿರೋದೆಲ್ಲ ಮಕ್ಕಳಿಗೆ ತಾನಾಗೇ ಬರುತ್ತೆ. ಇನ್ಹೆರಿಟೆನ್ಸ್! ಬೇಡದ್ದನ್ನ ಆಮೇಲೆ ತೆಗೆದ್ರಾಯ್ತು. ಈ ವಿದ್ಯೆ ಅಂದ್ರೆ ಇಷ್ಟೇ."

"ಅಷ್ಟೇ ಅಲ್ಲ," ಸತ್ಯಭಾಮಾ ಕುರ್ಚಿಯಿಂದ ಏಳಲೂ ಇಲ್ಲ. "ಆಬ್ಜೆಕ್ಟ್ ಅಂದ್ರೆ ವಸ್ತು. ಪ್ರತಿಯೊಂದು ವಸ್ತೂ ತನ್ನ ಕೆಲಸ ತಾನು ನೋಡ್ಕೋಬೇಕು. ನಿಂಗೇನು ಬೇಕಪ್ಪಾ ಅಂತ ಹೊರಗೆ ನಿಂತು ಕೇಳಬೇಕು, ಅದು ಹೇಳುತ್ತೆ. ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬರು ಕೈ ಹಾಕಬಾರದು. ಇದೇ ಜೀವಾಳ."

"ಇದು ವಿದ್ಯೆ ಅಲ್ಲ ಮೇಡಂ, ಮಡಿ."

"ನಿಮ್ಮದು ವಿದ್ಯೆ ಅಲ್ಲ ಸಾರ್, ಸೋಮಾರಿತನ."

ಮುಂದಿನ ವಾರ ಆ ಛತ್ರದಲ್ಲಿ ಒಬ್ಬ ಹಿರಿಯರ ವೈಕುಂಠ ಸಮಾರಾಧನೆ. ಮನೆಯವರು ಕಣ್ಣೊರೆಸಿಕೊಂಡು ಒಳಗೆ ಕಾಲಿಡುತ್ತಿದ್ದ ಹಾಗೆ ಪ್ರೋಗ್ರಾಮ್ ಕೊಟ್ಟ ಪಟ್ಟಿಯಂತೆ ವಾಲಗದವರು ಗಟ್ಟಿಮೇಳ ಬಾರಿಸಿದರು. ಬಾಗಿಲಲ್ಲಿ ಪನ್ನೀರು, ಒಳಗೆ ಹಸೆಮಣೆ. ಸತ್ತವರೇ ಫೋಟೋದಿಂದ ಇಣುಕಿ "ಹೆಣ್ಣು ಯಾವ ಊರಿನದು?" ಅಂತ ಕೇಳಿದರಂತೆ. ತಾಯಿಗಿದ್ದದ್ದೆಲ್ಲ ಮಗುವಿಗೆ ಬಂದಿತ್ತು. ಬೇಡದ್ದನ್ನು ತೆಗೆಯೋದು ತಿರುಮಲೇಶನಿಗೆ ಮರೆತುಹೋಗಿತ್ತು.

ಚನ್ನಬಸವಯ್ಯನವರು ಬಂದು ಬೈದ ಬೈಗುಳಕ್ಕೆ ಕ್ಲಾಸಿನ ಸುಣ್ಣ ಉದುರಿತು. ರಾಮಪ್ರಸಾದರು ಕಂಪ್ಯೂಟರ್ ಕೋಣೆಯ ಬೀಗದ ಕೈ ತೆಗೆದು ಸತ್ಯಭಾಮಾ ಅವರ ಮುಂದಿಟ್ಟರು. ಬ್ಯಾಚು ಅವರದಾಯಿತು.

ಆ ಕೋಣೆಗೆ ದೇವರಮನೆಯ ಹಾಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ತಿರುಮಲೇಶ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಸತ್ಯಭಾಮಾ ಹಿಂದೆಯೇ ಬಂದರು.

"ನಿಮ್ಮ ಪ್ರೋಗ್ರಾಮ್ ಬಿಚ್ಚಿ ನೋಡಿದೆ. ಒಂದೊಂದು ಸಾಲೂ ತಪ್ಪು. ಕೂತ್ಕೊಳ್ಳಿ, ತೋರಿಸ್ತೀನಿ."

ತಿರುಮಲೇಶ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ತಲೆಯೆತ್ತಿದ.

"ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬರು ಕೈ ಹಾಕಬಾರದು ಅಂದೋರು ನೀವೇ ಅಲ್ವಾ ಮೇಡಂ? ಹೊರಗೆ ನಿಂತು ಕೇಳಿ. ಬೇಕು ಅನ್ನಿಸಿದ್ರೆ ಹೇಳ್ತೀನಿ."