ಯಶೋಧಕ್ಕನನ್ನು ಇಳಿಸುವ ಸಮಿತಿ

ಸಾಗರದ ನಮ್ಮ ಸಹಕಾರ ಸಂಘದ ಕಟ್ಟಡಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಚರ್ಚಿಸುವ ಸಭೆಯಲ್ಲಿ ನಾನು ಕೆಮ್ಮಿದೆ. ಮಾತಾಡಲು ಹೊರಟೆನೆಂದು ತಿಳಿದ ಮ್ಯಾನೇಜರ್ ಶ್ರೀರಂಗ ಭಟ್ಟರು ನನ್ನನ್ನು ಸುರಕ್ಷತಾ ಸಮಿತಿಗೆ ಹಾಕಿಬಿಟ್ಟರು. ಮಂಡಿನೋವಿನಿಂದ ಒಂದು ಮಹಡಿ ಇಳಿಯುವಷ್ಟರಲ್ಲಿ ಮೆಟ್ಟಿಲ ಕಂಬಿಯನ್ನು ಹಳೆಯ ನೆಂಟನಂತೆ ತಬ್ಬಿಕೊಳ್ಳುವವನು ನಾನು. ಅಂಥವನು ಇನ್ನೊಬ್ಬರನ್ನು ಇಳಿಸುವ ಸಮಿತಿಯಲ್ಲಿ!

ಇಳಿಸಬೇಕಾಗಿದ್ದದ್ದು ಯಶೋಧಕ್ಕನನ್ನು. ಎರಡನೇ ಮಹಡಿಯಲ್ಲಿ ಸದಸ್ಯರ ಅಹವಾಲು ಕೇಳುವ ವಿಭಾಗ ಅವರದು. ಹೊಸನಗರದ ಕಡೆಯ ಹಳ್ಳಿಯವರು. ಚಿಕ್ಕಂದಿನಲ್ಲಿ ಬಂದ ಜ್ವರ ಎರಡೂ ಕಾಲಿನ ಶಕ್ತಿ ತೆಗೆದುಕೊಂಡು ಹೋಯಿತು. ತಾಯಿ ಕೆರಿಯಮ್ಮ ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟರು, ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಆಯಿತು. ಈಗ ನಾಲ್ಕು ಚಕ್ರದ ಸ್ಕೂಟರಿನಲ್ಲಿ ಬರುತ್ತಾರೆ, ಗಾಲಿಕುರ್ಚಿಗೆ ದಾಟುತ್ತಾರೆ, ಲಿಫ್ಟಿನಲ್ಲಿ ಮೇಲೆ ಹೋಗುತ್ತಾರೆ. ಮೀನು ಮಾರುಕಟ್ಟೆಯಲ್ಲಿ ಅವರು ಕಿವಿರು ಎತ್ತಿ ನೋಡಿ ಬಿಟ್ಟ ಬಂಗುಡೆಯನ್ನು ಮತ್ತೆ ಯಾರೂ ಕೊಳ್ಳುವುದಿಲ್ಲ. ಜಗಳವಾಡಲು ಮೆಟ್ಟಿಲು ಹತ್ತಿ ಬಂದ ಸದಸ್ಯರು ಅವರ ಬಾಯಿಯಿಂದ ಬೈಸಿಕೊಂಡು, ಚಹಾ ಕುಡಿದು, ಸಮಾಧಾನವಾಗಿ ಇಳಿದು ಹೋಗುತ್ತಾರೆ.

ಅಗ್ನಿಶಾಮಕ ಠಾಣೆಯ ಅಧಿಕಾರಿ ಕಟ್ಟಡವನ್ನೆಲ್ಲ ನೋಡಿ ಕೊನೆಗೆ ಕೇಳಿದರು: "ಬೆಂಕಿ ಬಿದ್ದಾಗ ಲಿಫ್ಟ್ ಹತ್ತೋ ಹಾಗಿಲ್ಲ. ಈ ಮೇಡಂ ಹೇಗೆ ಇಳೀತಾರೆ?"

ಎಲ್ಲರೂ ಫ್ಯಾನು ನೋಡಿದೆವು. ಭಟ್ಟರಿಗೆ ಮಾತ್ರ ಉತ್ತರ ಹೊಳೆಯಿತು. "ಅದಕ್ಕೆಂತ ಸಾರ್, ಅವರ ಟೇಬಲ್ಲೇ ಕೆಳಗೆ ಹಾಕಿದ್ರಾಯ್ತು. ಬೆಂಕಿ ಬೀಳೋ ಮುಂಚೆನೇ ಇಳ್ಸಿಟ್ಟ ಹಾಗೆ."

ಕೆಳಗೆ ಎಂದರೆ ಅಡಿಕೆಗೆ ಹೊಡೆಯುವ ಮೈಲುತುತ್ತ, ಗೊಬ್ಬರ ಮಾರುವ ಜಾಗ. ಯಶೋಧಕ್ಕ ಕುರ್ಚಿ ತಿರುಗಿಸಿದರು.

"ಭಟ್ರೇ, ಮದುವೆ ಛತ್ರದಲ್ಲಿ ಊಟ ಮೇಲೆ, ನಾನು ಕೆಳಗೆ ಚಪ್ಪಲಿ ಕಾಯ್ಕಂಡು. ಕಾಲೇಜಲ್ಲಿ ಕ್ಲಾಸು ಮೇಲೆ, ನಾನು ಕೆಳಗೆ ಆಫೀಸಿನ ಬೆಂಚಲ್ಲಿ. ಜೀವಮಾನದಲ್ಲಿ ಮೊದಲ್ನೇ ಸಲ ಮೇಲೆ ಕೂತಿದೀನಿ ಮಾರಾಯ್ರೆ. ಬೆಂಕಿ ಬಿದ್ದಾಗ ಇಳ್ಸಿ. ಬೆಂಕಿ ಇಲ್ದೇ ಇಳಿಸ್ಬೇಡಿ."

ಅಧಿಕಾರಿ ನಕ್ಕರು, ಆದರೆ ಬಿಡಲಿಲ್ಲ. "ಶನಿವಾರ ಬರ್ತೀನಿ. ಇವರನ್ನ ಮೆಟ್ಟಿಲಲ್ಲಿ ಇಳಿಸಿ ತೋರಿಸಿ. ಆಗ್ಲಿಲ್ಲ ಅಂದ್ರೆ ಟೇಬಲ್ ಕೆಳಗೆ ಬರ್ಲಿ."

ಸಮಿತಿ ಚುರುಕಾಯಿತು. ಖಾಲಿ ಗಾಲಿಕುರ್ಚಿಯನ್ನು ನಾನೂ ಗುಮಾಸ್ತ ಪೂರ್ಣೇಶನೂ ಹೊತ್ತು ನೋಡಿದೆವು. ಕುರ್ಚಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು, ನಾನು ಕುರ್ಚಿಯಲ್ಲಿ ಸಿಕ್ಕಿಕೊಂಡೆ. ಆಗ ಅಟೆಂಡರ್ ಜಟ್ಟಿಂಗಪ್ಪ ಜೋಲಿಯ ಮಾತೆತ್ತಿದ. ರಸ್ತೆಯಿಲ್ಲದ ಅವನ ಊರಿನಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ತರುವುದು ಹಾಗೆಯೇ. ಬಿದಿರ ಗಳಕ್ಕೆ ಕಂಬಳಿ ಕಟ್ಟಿ, ಅದರೊಳಗೆ ಮಲಗಿಸಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಡುವುದು.

"ಗುಡ್ಡನೇ ಇಳ್ಸೀವಿ ತಂಗೀ, ಈ ಮೆಟ್ಲು ಯಾವ ಲೆಕ್ಕ?" ಎಂದ.

"ಹೊರೋಕೆ ನಂದೇನೂ ಅಡ್ಡಿಯಿಲ್ಲ ಜಟ್ಟಿಂಗಪ್ಪಣ್ಣ. ಹೊತ್ಕಂಡು ನನ್ ತೂಕದ ಬಗ್ಗೆ ಮಾತಾಡ್ಬಾರ್ದು, ಅಷ್ಟೇ" ಎಂದರು ಯಶೋಧಕ್ಕ.

ಶನಿವಾರ ಗಂಟೆ ಹೊಡೆಯಿತು. ಪೂರ್ಣೇಶ ಮುಂದೆ, ಜಟ್ಟಿಂಗಪ್ಪ ಹಿಂದೆ. ಬಾಗಿಲು ತೆರೆದು ಹಿಡಿಯುವ ಗುರುತರ ಹೊಣೆ ನನ್ನದು. ಮೊದಲ ಮೆಟ್ಟಿಲುಗಳನ್ನು ಚೆನ್ನಾಗಿಯೇ ಇಳಿದರು. ಅಷ್ಟರಲ್ಲಿ ಜಟ್ಟಿಂಗಪ್ಪನ ಕಣ್ಣು ಜೋಲಿಯ ಆ ತುದಿಗೆ ಬಿತ್ತು.

"ನಿಲ್ಸೋ, ನಿಲ್ಸೋ! ಕಾಲು ಮುಂದಾಗಿ ಹೋಗ್ತಾ ಐತಲ್ಲೋ! ಹೆಣ ಸಾಗ್ಸಿದಂಗೆ!"

ನಮ್ಮ ಕಡೆ ಕಾಲು ಮುಂದಾಗಿ ಹೊಸ್ತಿಲು ದಾಟುವುದು ಹೆಣ ಮಾತ್ರ. ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಸದಾ ಹೇಳಿಕೊಳ್ಳುವ ನಾನೇ ಎಲ್ಲರಿಗಿಂತ ಮೊದಲು "ಅಯ್ಯೋ, ತಿರುಗ್ಸಿ!" ಎಂದು ಕೂಗಿದೆ. ತಲೆ ಮುಂದಾದರೆ ತಲೆ ಕೆಳಗಾಗುತ್ತದೆಂದು ಅಧಿಕಾರಿ ಹೇಳುತ್ತಿದ್ದರೂ ಕೇಳುವವರಿಲ್ಲ. ತಿರುವಿನಲ್ಲಿ ಜೋಲಿ ತಿರುಗಿಸಲು ಹೋದರು. ಗಳದ ಒಂದು ತುದಿ ಗೋಡೆಗೆ, ಇನ್ನೊಂದು ಕಂಬಿಯ ಸಂದಿಗೆ ಸಿಕ್ಕಿ, ಯಶೋಧಕ್ಕ ನಡುವೆ ತೊಟ್ಟಿಲಂತೆ ತೂಗತೊಡಗಿದರು. ಭಟ್ಟರ ಮುಖದಲ್ಲಿ ಟೇಬಲ್ ಆಗಲೇ ಕೆಳಗಿಳಿದಿತ್ತು.

ಕಂಬಳಿಯೊಳಗಿಂದ ದನಿ ಬಂತು. "ಜಟ್ಟಿಂಗಪ್ಪಣ್ಣ, ನಾನು ಸತ್ತಿಲ್ಲ. ಇನ್ನೊಂಚೂರು ಹೊತ್ತು ಹೀಗೇ ನೇತಾಕಿದ್ರೆ ಹೇಳಕ್ಕಾಗಲ್ಲ."

"ಅಪಶಕುನ ತಂಗೀ. ನನ್ ಕೈಯಾರೆ ಆಗಾಕಿಲ್ಲ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಯಶೋಧಕ್ಕನ ದನಿ ಮೆತ್ತಗಾಯಿತು. "ನೋಡಣ್ಣ, ಹೆಣ ಮಾತಾಡ್ತದಾ?"

"ಇಲ್ಲ."

"ನಾನು ಕೆಳಗೆ ಮುಟ್ಟೋವರೆಗೂ ಮಾತಾಡ್ತೀನಿ. ಕಾಲು ಎತ್ಲಾಗಾದ್ರೂ ಇರ್ಲಿ. ಆಗಬಹುದಾ?"

ಜಟ್ಟಿಂಗಪ್ಪ ಯೋಚಿಸಿ ತಲೆಯಾಡಿಸಿದ. ಯಶೋಧಕ್ಕ ಜೋಲಿ ನೆಲಕ್ಕಿಡಿಸಿ ಗಳ ಬಿಚ್ಚಿಸಿದರು. "ನಾಲ್ಕು ಮೂಲೆಗೆ ನಾಲ್ಕು ಜನ. ಭಟ್ರೇ, ಕೆಳಗಿಳಿಸ್ಬೇಕು ಅಂತ ನಿಮ್ಗೇ ಆಸೆ ಜಾಸ್ತಿ. ಬನ್ನಿ, ಹಿಡೀರಿ."

ಭಟ್ಟರು ಬಂದರು. ಬಾಗಿಲು ಬಿಟ್ಟು ನಾನೂ ಹೋದೆ. ಯಶೋಧಕ್ಕ ಮಾತು ಶುರು ಮಾಡಿದರು. ಭಟ್ಟರ ಪಂಚೆ ಜಾರುತ್ತಿರುವುದು, ನಾನು ಸುಮ್ಮನೆ ಹಿಡಿದಂತೆ ನಟಿಸುತ್ತಿರುವುದು, ಪೂರ್ಣೇಶನಿಗೆ ಹೆಣ್ಣು ಕೊಡುವವರು ಈ ಮೆಟ್ಟಿಲಿಳಿಯುವ ಚಂದ ನೋಡಬಾರದೆಂಬುದು, ಯಾವುದನ್ನೂ ಬಿಡಲಿಲ್ಲ. ಕಾಲು ಮುಂದಾಗಿಯೇ ಹೊಸ್ತಿಲು ದಾಟಿ ಅಂಗಳ ಮುಟ್ಟಿದಾಗ ಜಟ್ಟಿಂಗಪ್ಪನೂ ನಗುತ್ತಿದ್ದ.

ಅಧಿಕಾರಿ ಮೆಚ್ಚಿದರು. "ಒಂದೇ ತೊಂದರೆ. ಹೊಗೆ ತುಂಬಿದಾಗ ಮೇಡಂ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡ್ಕೋಬೇಕು. ಮಾತಾಡೋ ಹಾಗಿಲ್ಲ."

ಭಟ್ಟರು ಬೆವರು ಒರೆಸಿಕೊಂಡರು. "ಇವರ ಬಾಯಿ ಮುಚ್ಚಿಸೋದಾ? ನಿಮ್ಮ ಇಲಾಖೆಯಲ್ಲಿ ಅದಕ್ಕೆ ಎಂತಾದ್ರೂ ಸಾಮಾನು ಉಂಟಾ ಸಾರ್?"

"ಒಂದು ಕೈಲಿ ಬಟ್ಟೆ ಒತ್ತಿ ಹಿಡ್ದು, ಇನ್ನೊಂದ್ರಲ್ಲಿ ಜಟ್ಟಿಂಗಪ್ಪಣ್ಣನ ಕೈ ಚಿವುಟ್ತಾ ಬರ್ತೀನಿ" ಎಂದರು ಯಶೋಧಕ್ಕ. "ಹೆಣ ಚಿವುಟಲ್ಲ."

ಜಟ್ಟಿಂಗಪ್ಪ ಒಪ್ಪಿದ. ಟೇಬಲ್ ಎರಡನೇ ಮಹಡಿಯಲ್ಲೇ ಉಳಿಯಿತು. ಕಂಬಳಿಗೆ ಗಟ್ಟಿ ಹಿಡಿಕೆ ಹೊಲಿಸಬೇಕು, ತಿಂಗಳಿಗೊಮ್ಮೆ ಅಭ್ಯಾಸ ಮಾಡಬೇಕು ಎಂದಷ್ಟೇ ಅಧಿಕಾರಿಯ ಷರತ್ತು.

"ಅಭ್ಯಾಸಕ್ಕೆ ಪ್ರತಿ ಸಲ ನಾನೇ ಯಾಕೆ?" ಎಂದರು ಯಶೋಧಕ್ಕ. "ಹೊರೋರಿಗೂ ಒಳಗೆ ಮಲಗಿದ್ರೆ ಹೇಗಿರ್ತದೆ ಅಂತ ತಿಳೀಲಿ." ಅವರ ದೃಷ್ಟಿ ನನ್ನ ಹೊಟ್ಟೆಯ ಮೇಲೆ ನಿಂತಿತು.

ಮುಂದಿನ ತಿಂಗಳು ಕಂಬಳಿಯೊಳಗೆ ನಾನಿದ್ದೆ, ನನ್ನ ಮೂಲೆಗೆ ಗೊಬ್ಬರ ಮಾರುವ ಹುಡುಗ ಬಂದಿದ್ದ. ಅಲ್ಲಿಂದ ಕಾಣುವುದು ಮೇಲಿನ ಛಾವಣಿ ಮತ್ತು ಹೊತ್ತವರ ಗಲ್ಲದ ಅಡಿಭಾಗ ಮಾತ್ರ. ನನ್ನ ಜೀವ ನಾಲ್ಕು ಮುಷ್ಟಿಗಳಲ್ಲಿದೆ, ಅದರಲ್ಲೊಂದು ಭಟ್ಟರದು. ಹೀಗೆ ಹೋಗುತ್ತಲೇ ಆ ಹೆಂಗಸು ನಮ್ಮನ್ನೆಲ್ಲ ನಗಿಸಿದ್ದು ಹೇಗೆ? ನಾನಂತೂ ಕಂಬಳಿಯ ಅಂಚು ಹಿಡಿದುಕೊಂಡು ಮನಸ್ಸಿನಲ್ಲೇ ಮೆಟ್ಟಿಲು ಎಣಿಸುತ್ತಿದ್ದೆ.

"ಮಾತಾಡ್ರೀ!" ಮಹಡಿಯ ಕಂಬಿಯ ಬಳಿ ಗಾಲಿಕುರ್ಚಿ ನಿಲ್ಲಿಸಿಕೊಂಡು ಯಶೋಧಕ್ಕ ಕೂಗಿದರು. "ಜಟ್ಟಿಂಗಪ್ಪಣ್ಣ ಹೆದರ್ಕಂತಾನೆ!"

ಅಷ್ಟರಲ್ಲಿ ಯಾರೋ ಸದಸ್ಯರು ಜಗಳಕ್ಕೆ ಬಂದು ಕಾಯುತ್ತಿದ್ದಾರೆಂಬ ಸುದ್ದಿ ಬಂತು. ನನ್ನನ್ನು ತಿರುವಿನಲ್ಲೇ ಬಿಟ್ಟು, ಯಶೋಧಕ್ಕ ಕುರ್ಚಿ ತಿರುಗಿಸಿಕೊಂಡು ತಮ್ಮ ಟೇಬಲಿಗೆ ಹೋದರು.