ಏನೂ ಆಗದ ಒಂದು ರಾತ್ರಿ

ಗ್ಲಾಸಿಗೆ ಯಾರಾದರೂ ಏನಾದರೂ ಬೆರೆಸಬಹುದಿತ್ತು. ಕೈಚೀಲ ಕಳುವಾಗಬಹುದಿತ್ತು, ಕಳುವಾಗದಿದ್ದರೆ ನಾನೇ ಎಲ್ಲೋ ಮರೆತು ಬರಬಹುದಿತ್ತು, ಅದರ ಅಭ್ಯಾಸ ನನಗೆ ಚೆನ್ನಾಗಿದೆ. ಪೊಲೀಸರು ನುಗ್ಗಿ ನಮ್ಮನ್ನೆಲ್ಲ ಜೀಪು ಹತ್ತಿಸಬಹುದಿತ್ತು, ಅದು ಟಿವಿಯಲ್ಲಿ ಬರಬಹುದಿತ್ತು, ಅಂದು ಚೂಡಿದಾರ ಹಾಕಿದ್ದರಿಂದ ಮುಖ ಮುಚ್ಚಿಕೊಳ್ಳಲು ನನಗೊಂದು ಸೆರಗೂ ಇರುತ್ತಿರಲಿಲ್ಲ. ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತುಬಿಡಬಹುದಿತ್ತು. ಸಭ್ಯನಂಥ ಗಂಡಸೊಬ್ಬ ಬಂದು ಮಾತಾಡಿಸಬಹುದಿತ್ತು, ಅವನು ಸಭ್ಯನಲ್ಲದೆ ಇರಬಹುದಿತ್ತು. ಆಟೋದವನು ದಾರಿ ತಪ್ಪಿಸಬಹುದಿತ್ತು. ಜೊತೆಗಿದ್ದ ಜಲಜಾಕ್ಷಿಯ ಮೊಣಕಾಲು ಉಳುಕಬಹುದಿತ್ತು. ಬೆಂಕಿ ಬೀಳಬಹುದಿತ್ತು, ಬಿದ್ದರೆ ಹೊರಗೋಡಲು ಬಾಗಿಲು ಎರಡೇ ಇದ್ದವು. ಒಂದರ ಮುಂದೆ ಸ್ಪೀಕರ್ ಇಟ್ಟಿದ್ದರು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂತೀರಾ? ಮೊನ್ನೆ ಹಳೇ ಕೈಚೀಲವನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದರೆ ಒಳಜೇಬಿನಿಂದ ಹಸಿರು ಬಣ್ಣದ ಕಾಗದದ ಪಟ್ಟಿಯೊಂದು ಬಿತ್ತು. ಕೈಗೆ ಕಟ್ಟುವ ಪಟ್ಟಿ. ಆಸ್ಪತ್ರೆಯದ್ದಿರಬೇಕು ಅಂದುಕೊಂಡೆ, ನನ್ನ ಮನಸ್ಸು ಯಾವಾಗಲೂ ಮೊದಲು ಅಲ್ಲಿಗೇ ಹೋಗುವುದು. ತಿರುಗಿಸಿ ನೋಡಿದರೆ ಅದರ ಮೇಲೆ ನೃತ್ಯ ಮಾಡುವ ಹೆಣ್ಣೊಬ್ಬಳ ಚಿತ್ರ. ಐವತ್ಮೂರು ವರ್ಷದ, ಸಕ್ಕರೆ ಕಾಯಿಲೆಯ ಅಂಚಿನಲ್ಲಿ ನಿಂತ ಕೇಂದ್ರ ಸರ್ಕಾರಿ ನೌಕರಳ ಚೀಲದಲ್ಲಿ ಇದು ಸಿಕ್ಕಿತೆಂದರೆ ನೀವು ನಂಬುವುದು ಕಷ್ಟ. ನನಗೇ ಒಂದು ಕ್ಷಣ ಕಷ್ಟವಾಯಿತು.

ನಾನು ಮೈಸೂರಿನವಳು. ತಿರುವನಂತಪುರಕ್ಕೆ ಬಂದು ಹನ್ನೊಂದು ವರ್ಷವಾಯಿತು, ಮನೆ ಶ್ರೀಕಾರ್ಯಂ ಎಂಬ ಬಡಾವಣೆಯಲ್ಲಿ. ಹನ್ನೊಂದು ವರ್ಷವಾದರೂ ಇದು ನನಗೆ ಪರಸ್ಥಳವೇ. ಮೀನಿನವಳೊಡನೆ ಮಲಯಾಳದಲ್ಲಿ "ನಾವು ತಿನ್ನಲ್ಲ ಚೇಚಿ" ಎಂದು ಹೇಳುವಷ್ಟು ಕಲಿತಿದ್ದೇನೆ, ಅವಳು ಇಂದಿಗೂ ನಂಬಿಲ್ಲ. ಪರಸ್ಥಳದಲ್ಲಿ ಹುಷಾರಾಗಿರಬೇಕೆಂದು ಹೊರಡುವ ದಿನ ಅತ್ತೆ ಹೇಳಿದ್ದರು. ನಾನು ಅದನ್ನು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡೆ. ಯಾರೇ ನಮ್ಮ ಮನೆಯಿಂದ ಹೊರಟರೂ ಅವರು ತಲುಪಿದ ಸುದ್ದಿ ಬರುವ ತನಕ ನನಗೆ ಊಟ ಸೇರದು. ನಮ್ಮ ಯಜಮಾನರು ಬೀದಿ ಕೊನೆಯ ಅಂಗಡಿಗೆ ಹಾಲಿಗೆ ಹೋದವರು "ತಲುಪಿದೆ" ಎಂದು ಫೋನ್ ಮಾಡಿ ಗೇಲಿ ಮಾಡುತ್ತಾರೆ.

ಜಲಜಾಕ್ಷಿ ನನಗೆ ಸಿಕ್ಕಿದ್ದು ಇಲ್ಲಿನ ಕನ್ನಡ ಬಳಗದಲ್ಲಿ. ಬಳಗವೆಂದರೆ ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು, ಕಾಸರಗೋಡಿನ ವಕೀಲರು, ಅವರ ಮನೆಯವರು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಅವರ ಮಕ್ಕಳು, ಎಲ್ಲ ಸೇರಿ ನೂರ ನಲವತ್ತು ಜನ. ವರ್ಷಕ್ಕೆರಡು ಸಲ ಸೇರುತ್ತೇವೆ, ವಾಟ್ಸ್ಯಾಪಿನಲ್ಲಿ ದಿನಕ್ಕೆ ಇಪ್ಪತ್ತು ಸಲ. ಜಲಜಾಕ್ಷಿ ಕಾಸರಗೋಡಿನವಳು, ಮದುವೆಯ ಗೊಡವೆಗೆ ಹೋಗದವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಸರ್ಕಾರದ ಕಾನೂನು ಕಚೇರಿಯಲ್ಲಿ ಅನುವಾದಕಿ. ಅವಳ ಊರಿನ ಕೋರ್ಟಿನ ಕನ್ನಡ ಕಾಗದಗಳು ಇಲ್ಲಿಗೆ ಬಂದರೆ ಅವನ್ನು ಇಂಗ್ಲಿಷಿಗೆ ಇಳಿಸುವುದು ಅವಳ ಕೆಲಸ. ಹೊಡೆದಾಟ, ಕಳವು, ಮೋಸ. ಅದರಿಂದಾಗಿ ಅವಳಿಗೆ ರಾತ್ರಿಯ ಲೋಕವೆಲ್ಲ ಪೊಲೀಸರ ಭಾಷೆಯಲ್ಲಿ ಗೊತ್ತು. "ಸದರಿ ಬಾರ್", "ಸದರಿ ಆರೋಪಿ ಕುಡಿದ ಅಮಲಿನಲ್ಲಿ", ಹೀಗೆ.

ಒಂದು ದಿನ ಅವಳಿಗೆ ಕಾಸರಗೋಡಿಗೆ ವರ್ಗವಾಯಿತು. ಸಿಹಿ ಹಂಚಲು ಬಂದವಳು ಸಪ್ಪಗಿದ್ದಳು.

"ಊರಿಗೆ ಹೋಗ್ತಿದ್ದೀಯ, ಖುಷಿಪಡಬೇಕಪ್ಪ" ಅಂದೆ.

"ಖುಷಿ ಉಂಟು ಅಕ್ಕ. ನನ್ನ ಅಕ್ಕ-ಭಾವನ ಮನೆಯ ಮಹಡಿಯಲ್ಲೇ ಇರ್ಲಿಕ್ಕೆ. ಆದರೆ ಅಲ್ಲಿ ನಾನು ವಕೀಲರ ನಾದಿನಿ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದ್ರೆ ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟುತ್ತದೆ. ಹೋಗುವ ಮೊದಲು ನನಗೆ ಒಂದು ಆಸೆ ಉಂಟು. ನಗಬಾರದು."

ನಗುವುದಿಲ್ಲ ಅಂದೆ.

"ಡಾನ್ಸ್ ಮಾಡುವ ಕ್ಲಬ್ಬಿಗೆ ಒಮ್ಮೆ ಹೋಗ್ಬೇಕು. ಯಾರಿಗೂ ಗೊತ್ತಾಗದ ಹಾಗೆ. ಇಪ್ಪತ್ತು ವರ್ಷ ಆಯ್ತು ಅಂಥ ಜಾಗದ ಬಗ್ಗೆ ಓದುವುದು. ನಾನು ಓದಿದ್ದೆಲ್ಲ ಏನಾದರೊಂದು ಆದ ರಾತ್ರಿಗಳೇ. ಏನೂ ಆಗದಿದ್ದರೆ ಕಾಗದ ಕೋರ್ಟಿಗೆ ಯಾಕೆ ಬರ್ತದೆ? ಎಂತದೂ ಆಗದ ರಾತ್ರಿ ಅಲ್ಲಿ ಹೇಗಿರ್ತದೆ ಅಂತ ನನಗೆ ನೋಡ್ಬೇಕು."

ನಾನು ನಗಲಿಲ್ಲ. ಬೆವರಿದೆ. ಬೇಡ ಅನ್ನಲು ಹದಿನೈದು ಕಾರಣ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಹಾಗಾದ್ರೆ ನೀವೇ ಬನ್ನಿ. ನಿಮ್ಮಷ್ಟು ಹೆದರುವವರು ಜೊತೆಗಿದ್ರೆ ನನಗೆ ಹೆದರುವ ಕೆಲಸ ಇಲ್ಲ" ಅಂದಳು. ನಾನು ಕ್ಯಾಲೆಂಡರ್ ತೆಗೆದೆ.

ತಿರುವನಂತಪುರದಲ್ಲಿ ಬೇಡವೆಂದಾಯಿತು. ಇಲ್ಲಿ ಯಾವ ಹೋಟೆಲಿನ ಲಿಫ್ಟಿನಲ್ಲಿ ಬಳಗದವರು ಸಿಗುತ್ತಾರೋ ಹೇಳಲಾಗದು. ಕೊಚ್ಚಿಗೆ ಹೋಗುವುದು, ಫೋರ್ಟ್ ಕೊಚ್ಚಿಯಲ್ಲಿ ಉಳಿಯುವುದು, ರಾತ್ರಿ ಎರ್ನಾಕುಳಕ್ಕೆ ಬಂದು ಕ್ಲಬ್ಬು ನೋಡಿ ಹಿಂತಿರುಗುವುದು. ಜಲಜಾಕ್ಷಿ ತನ್ನ ಅಕ್ಕನಿಗೆ, ನನ್ನ ಜೊತೆ ಕೊಚ್ಚಿ ನೋಡಲು ಹೋಗುತ್ತೇನೆಂದಳು. ಸುಳ್ಳೇನಲ್ಲ. ನಾನು ಯಜಮಾನರಿಗೆ ಪೂರ್ತಿ ನಿಜವನ್ನೇ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ, "ಆ ಕ್ಲಬ್ಬಿನವರಿಗೆ ಹೇಳಿದ್ದೀಯ ತಾನೆ, ನೀನು ಬರ್ತೀಯ ಅಂತ? ಪಾಪ, ಅವರೂ ಹುಷಾರಾಗಿರಬೇಕಲ್ಲ" ಅಂದರು.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತುವಾಗಲೇ ನನ್ನ ಚೀಲ ಭಾರವಾಗಿತ್ತು. ಅದರೊಳಗೆ ಏನಿತ್ತೆಂಬುದು ಆ ರಾತ್ರಿ ಕ್ಲಬ್ಬಿನ ಬಾಗಿಲಲ್ಲಿ ಬಹಿರಂಗವಾಯಿತು. ಅಲ್ಲಿ ಕಪ್ಪು ಪ್ಯಾಂಟು, ಕಪ್ಪು ಕೋಟಿನ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹೆಂಗಸರ ಚೀಲ ನೋಡುತ್ತಿದ್ದಳು. ನನ್ನದನ್ನು ತೆರೆದು ಒಂದೊಂದಾಗಿ ಮೇಜಿನ ಮೇಲಿಟ್ಟಳು: ಟಾರ್ಚು, ಶಿಳ್ಳೆ, ಗುರುತಿನ ಚೀಟಿಯ ಮೂರು ಜೆರಾಕ್ಸು, ಉಳಿದುಕೊಂಡ ಮನೆಯ ವಿಳಾಸ ದಪ್ಪ ಅಕ್ಷರದಲ್ಲಿ ಬರೆದ ರಟ್ಟು, ಬ್ಯಾಂಡೇಜು, ವಾಂತಿ ಬಂದರೆ ಇರಲೆಂದು ನಿಂಬೆಹಣ್ಣು, ಕೊನೆಗೆ ಡಬ್ಬಿಯಲ್ಲಿ ಅವಲಕ್ಕಿ.

"ಇದೆಂದಾ ಚೇಚೀ?" ಅಂದಳು, ಏನಿದೆಲ್ಲ ಅಕ್ಕ ಎಂದು. ಆಮೇಲೆ ಜಲಜಾಕ್ಷಿಯ ಕಡೆ ತಿರುಗಿ ಮಲಯಾಳದಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು.

"ಏನಂತೆ?"

"ಎಲ್ಲರೂ ನಿಮ್ಮ ಹಾಗೆ ಬಂದ್ರೆ ತನ್ನ ಕೆಲಸ ಹೋಗ್ತದಂತೆ."

ಆದರೂ ಒಳ್ಳೆಯವಳು. ಕೈಗೆ ಆ ಹಸಿರು ಪಟ್ಟಿ ಕಟ್ಟುತ್ತ, ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ, ಬಿಟ್ಟರೆ ಹಿಂತಿರುಗಿ ಬಂದು ಅದನ್ನೇ ಕುಡಿಯಬೇಡಿ, ಯಾರಾದರೂ ಕಾಟ ಕೊಟ್ಟರೆ ನನ್ನ ಕಡೆ ನೋಡಿದರೆ ಸಾಕು ಎಂದು ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದಳು. ಅವಲಕ್ಕಿಯನ್ನು ಮಾತ್ರ ಒಳಗೆ ಬಿಡಲಿಲ್ಲ.

ಒಳಗೆ ಹೇಗಿತ್ತು? ನಾನು ನರಕದಂಥದ್ದೇನನ್ನೋ ನಿರೀಕ್ಷಿಸಿದ್ದೆ. ನೀಲಿ ಬೆಳಕು, ಎದೆಯೊಳಗೇ ಬಡಿಯುವ ಸದ್ದು, ನಡುವೆ ಒಂದಷ್ಟು ಜನ ನಗುತ್ತ ಕುಣಿಯುತ್ತಿದ್ದರು. ಒಂದು ಮೂಲೆಯಲ್ಲಿ ಯಾರದೋ ಹುಟ್ಟುಹಬ್ಬ; ಕೇಕಿನ ಚೂರನ್ನು ಗುರುತು ಪರಿಚಯವಿಲ್ಲದ ನಮಗೂ ತಂದುಕೊಟ್ಟರು. ನಾನು ತಿನ್ನಲಿಲ್ಲ, ಒಳಗೇನಿದೆಯೋ. ಜಲಜಾಕ್ಷಿ ಎರಡೂ ತಿಂದಳು. ನಮ್ಮಷ್ಟೇ ವಯಸ್ಸಿನ ದಂಪತಿಗಳೂ ಇದ್ದರು. ಇನ್ನೊಂದು ಅಚ್ಚರಿ, ಈ ರಾಜ್ಯದಲ್ಲಿ ಇಂಥ ಜಾಗಗಳ ರಾತ್ರಿ ಹನ್ನೊಂದಕ್ಕೆ ಮುಗಿದುಹೋಗುತ್ತದಂತೆ. ನಮ್ಮ ಬಳಗದ ವಾರ್ಷಿಕೋತ್ಸವವೂ ಅಷ್ಟು ಬೇಗ ಮುಗಿದದ್ದಿಲ್ಲ.

ಇಬ್ಬರೂ ನಿಂಬೆ ಸೋಡಾ ತರಿಸಿದೆವು. ಜಲಜಾಕ್ಷಿ ತನ್ನ ಚೀಲ, ಫೋನು, ಓದುವ ಕನ್ನಡಕ ಎಲ್ಲವನ್ನೂ ನನ್ನ ತೊಡೆಯ ಮೇಲಿಟ್ಟು, "ಹೋಗ್ತೇನೆ ಅಕ್ಕ" ಅಂದಳು, ಪರೀಕ್ಷೆಗೆ ಹೊರಟವಳ ಹಾಗೆ. ಹೋದಳು. ನಾನು ಒಂದು ಕೈಯಲ್ಲಿ ಅವಳ ಗ್ಲಾಸು, ಇನ್ನೊಂದರಲ್ಲಿ ನನ್ನದು ಹಿಡಿದು ಬಾಗಿಲು ಎಣಿಸತೊಡಗಿದೆ.

ಎಲ್ಲಿದ್ದೇವೆಂಬ ಗುರುತನ್ನು ಮನೆಯವರೊಬ್ಬರಿಗೆ ಕಳಿಸಿರಬೇಕು ಎಂಬುದು ನನ್ನ ನಿಯಮಗಳಲ್ಲೊಂದು. ಫೋನಿನಲ್ಲಿ ಆ ಸೌಕರ್ಯವಿದೆಯಲ್ಲ, ನಾವು ಹೋದಲ್ಲೆಲ್ಲ ನಕಾಶೆಯ ಮೇಲೊಂದು ಚುಕ್ಕೆ ಹೋಗುವುದು. ಗ್ಲಾಸುಗಳನ್ನು ಮೊಣಕಾಲ ನಡುವೆ ಸಿಕ್ಕಿಸಿ, ವಾಟ್ಸ್ಯಾಪಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರಿಗೆ ಎಂಟು ಗಂಟೆಯ ಅವಧಿಗೆ ಕಳಿಸಿದೆ. ಎಲ್ಲಕ್ಕಿಂತ ಮೇಲಿರುವುದು ಯಾವಾಗಲೂ ಯಜಮಾನರ ಹೆಸರೇ. ಆದರೆ ಆ ಹೊತ್ತಿಗೆ ಸರಿಯಾಗಿ ಯಾರೋ ಪುಣ್ಯಾತ್ಮರು ಬಳಗದಲ್ಲಿ ಶುಭರಾತ್ರಿಯ ಗುಲಾಬಿ ಹಾಕಿದ್ದರು. ಬಳಗ ಮೇಲೆ ಬಂದು ಕೂತಿತ್ತು.

ಗೊತ್ತಾದದ್ದು ಫೋನು ಬಿಡದೆ ನಡುಗಿದಾಗ.

"ಮೇಡಂ ಕೊಚ್ಚಿಯಲ್ಲಿದ್ದೀರಾ? ಬರುವಾಗ ಚಿಪ್ಸ್ ತನ್ನಿ" ಎಂದು ಒಬ್ಬರು.

"ಇದು ಡಾನ್ಸ್ ಬಾರ್ ಇರುವ ಕಟ್ಟಡ ಅಲ್ಲವೇ?" ಎಂದು ಖಜಾಂಚಿಗಳು.

"ರೀ, ನಿಮಗೆ ಹೇಗೆ ಗೊತ್ತು?" ಎಂದು ಅವರ ಹೆಂಡತಿ, ಅದೇ ಗುಂಪಿನಲ್ಲಿ.

ಆಮೇಲೆ ಖಜಾಂಚಿಗಳು ಏನೂ ಬರೆಯಲಿಲ್ಲ. ಉಳಿದವರು ಬರೆದರು. ಅಪಹರಣವಿರಬಹುದೇ ಎಂದು ಒಬ್ಬರ ಅನುಮಾನ. ಮೇಡಂ ಅಂಥವರಲ್ಲ, ಫೋನ್ ಕದ್ದವನು ಅಲ್ಲಿರಬೇಕು ಎಂದು ಇನ್ನೊಬ್ಬರು ನನ್ನ ಮಾನ ಕಾಪಾಡಿದರು. ನಾನು ಉತ್ತರ ಬರೆದು ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ "ಕ್ಷೇಮ" ಎಂದಷ್ಟೇ ಹಾಕಿದೆ. ಚುಕ್ಕೆಯನ್ನು ನಿಲ್ಲಿಸಹೊರಟರೆ ಅಧ್ಯಕ್ಷರಿಂದ ಬಂತು: "ದಯವಿಟ್ಟು ನಿಲ್ಲಿಸಬೇಡಿ. ನಮಗೂ ಸಮಾಧಾನ."

ಅಷ್ಟರಲ್ಲಿ ತೊಡೆಯ ಮೇಲಿದ್ದ ಜಲಜಾಕ್ಷಿಯ ಫೋನು ಬೆಳಗಿತು. "ಭಾವ". ಅವಳ ಭಾವ ಹಿಂದೆ ಕೆಲಕಾಲ ತಿರುವನಂತಪುರದಲ್ಲಿದ್ದವರು, ಊರಿಗೆ ಹೋದರೂ ಬಳಗದ ಗುಂಪು ಬಿಡದವರು. ನಾದಿನಿ ಯಾರ ಜೊತೆ ಕೊಚ್ಚಿಗೆ ಹೋಗಿದ್ದಾಳೆಂದು ಅವರಿಗೆ ಗೊತ್ತು. ಯಾರಿಗೂ ಗೊತ್ತಾಗಬಾರದೆಂಬ ಒಂದೇ ಒಂದು ಷರತ್ತನ್ನು ಅವಳು ಹಾಕಿದ್ದಳು. ಕಾಸರಗೋಡಿನವರೆಗೆ ಸುದ್ದಿ ಮುಟ್ಟಿಸಲು ನನಗೆ ಹಿಡಿದದ್ದು ಏಳು ನಿಮಿಷ.

ಅವಳಿಗೆ ಹೇಳಬೇಕೇ? ಗಂಟೆ ಹತ್ತೂಕಾಲು. ಹೇಳಿದರೆ ಅವಳ ಕುಣಿತ ಅಲ್ಲಿಗೇ ಮುಗಿಯಿತು. ಚಿಕ್ಕ ಚಿಂತೆಯನ್ನೂ ಒಬ್ಬಳೇ ಇಟ್ಟುಕೊಳ್ಳಲಾರದ ನಾನು ಜೀವನದಲ್ಲಿ ಮೊದಲ ಸಲ ಅಷ್ಟು ದೊಡ್ಡದನ್ನು ನುಂಗಿಕೊಂಡು ಕೂತೆ. ಭಾವ ಆರು ಸಲ ಕರೆದರು. ಬಳಗ ಅರವತ್ತು ಸಂದೇಶ ಹಾಕಿತು. ಒಂದೊಂದನ್ನೂ ಓದಿದೆ, ಎರಡೆರಡು ಸಲ.

ಹನ್ನೊಂದಾಗಿ ದೀಪ ಹತ್ತಿದಾಗ ಜಲಜಾಕ್ಷಿ ಬಂದಳು. ಕೂದಲು ಹಣೆಗೆ ಅಂಟಿತ್ತು, ಮುಖ ನಾನು ಕಂಡರಿಯದ ಮುಖವಾಗಿತ್ತು. ಆಟೋ ಹತ್ತಿದ ಮೇಲೆ ಹೇಳಿದೆ. ಅವಳು ಫೋನು ತೆಗೆದು ಭಾವನ ಆರು ಕರೆಗಳನ್ನು ನೋಡಿದಳು.

"ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕುಣಿಯೋದು ನಿಲ್ಲಿಸ್ತಿದ್ದೆ ಅಲ್ವೇನೇ?"

ಅವಳು ಭಾವನಿಗೆ ಫೋನ್ ಮಾಡಿದಳು. ಆಟೋದ ಸದ್ದಿಗೆ ಸ್ಪೀಕರ್ ಹಾಕಿದಳು, ಹಾಗಾಗಿ ನಾನೂ ಕೇಳಿಸಿಕೊಂಡೆ.

"ಭಾವ, ಆಟೋದಲ್ಲಿದ್ದೇವೆ."

"ಗೊತ್ತುಂಟು. ಈಗ ತೋಪ್ಪುಂಪಡಿ ಸೇತುವೆ ದಾಟಿದಿರಿ. ಎಲ್ಲರೂ ಎದ್ದು ಕೂತು ಅದನ್ನೇ ನೋಡ್ತಾ ಇದ್ದೇವೆ." ಆಮೇಲೆ ವಕೀಲರ ದನಿಯಲ್ಲಿ ಕೇಳಿದರು: "ಅಲ್ಲಿ ಎಂತ ಮಾಡಿದೆ?"

ಅವಳು ನನ್ನ ಮುಖ ನೋಡಿದಳು. ದೇವಸ್ಥಾನ ಅನ್ನಬಹುದಿತ್ತು, ಯಾರದೋ ಹುಟ್ಟುಹಬ್ಬ ಅಂದರೆ ಅರ್ಧ ನಿಜವೂ ಆಗುತ್ತಿತ್ತು.

"ಕುಣಿದೆ ಭಾವ."

ಆಟೋ ಎರಡು ತಿರುವು ದಾಟಿತು.

"ಆಯ್ತು. ರೂಮಿಗೆ ಹೋಗಿ ಚಿಲಕ ಹಾಕಿ ಮಲಕ್ಕೊಳ್ಳಿ" ಅಂದರು ಭಾವ.

ಈಗ ಅವಳು ಊರಿನಲ್ಲಿದ್ದಾಳೆ. ಮೊನ್ನೆ ಆ ಪಟ್ಟಿ ಸಿಕ್ಕ ಸಂಜೆ ಫೋನ್ ಮಾಡಿದೆ, ಎಂದಿನಂತೆ ಬಿಪಿ, ಗ್ಯಾಸು, ಬಾಗಿಲ ಚಿಲಕ ವಿಚಾರಿಸಿಕೊಳ್ಳದೆ ನೇರವಾಗಿ ಕೇಳಿದೆ: ಆ ರಾತ್ರಿಯ ಬಗ್ಗೆ ಅಲ್ಲಿ ಯಾರಾದರೂ ಏನಾದರೂ ಅಂದರಾ? ಇಷ್ಟು ದಿನ ಅದನ್ನು ಕೇಳಲು ಧೈರ್ಯವಾಗಿರಲಿಲ್ಲ.

"ಒಬ್ಬರೂ ಇಲ್ಲ ಅಕ್ಕ" ಅಂದಳು. "ಎಲ್ಲರಿಗೂ ಗೊತ್ತುಂಟು, ಯಾರೂ ಬಾಯಿ ಬಿಡುವುದಿಲ್ಲ. ನನ್ನ ಸ್ವಂತ ಅಕ್ಕನೂ ಇಲ್ಲ. ನನಗೆ ಹೇಳ್ಲಿಕ್ಕೆ ಎಷ್ಟು ಉಂಟು, ಕೇಳುವವರೇ ಇಲ್ಲ ಮಾರಾಯ್ರೆ." ಆಮೇಲೆ ದನಿ ತಗ್ಗಿಸಿ, ನಾಚಿದವಳಂತೆ, "ನೀವಾದ್ರೂ ಹೇಳಿ. ನೋಡಿದವರು ನೀವೊಬ್ಬರೇ ಅಲ್ವಾ. ನಾನು ಹೇಗೆ ಕುಣಿದೆ?"

ನಾನು ನೆನಪು ಮಾಡಿಕೊಂಡೆ. ಎರಡು ಬಾಗಿಲು ನೆನಪಾದವು, ಸ್ಪೀಕರು, ಗ್ಲಾಸುಗಳು, ಖಜಾಂಚಿಗಳ ಹೆಂಡತಿ.

"ತುಂಬಾ ಚೆನ್ನಾಗಿ ಕುಣಿದೆ ಕಣೇ" ಅಂದೆ.

"ಸುಳ್ಳು" ಅಂದಳು ಜಲಜಾಕ್ಷಿ. "ನೀವು ಒಮ್ಮೆಯೂ ತಲೆ ಎತ್ತಲಿಲ್ಲ. ನಾನು ಅಲ್ಲಿಂದ ನೋಡ್ತಾ ಇದ್ದೆ."