ಬೆಳಗಿನ ಬಿಳಿ ಮಾತ್ರೆ

ಒಲೆಯ ಬೂದಿ ತೆಗೆಯುವುದು, ಹಂಡೆಗೆ ನೀರು ತುಂಬಿ ಉರಿ ಹಾಕುವುದು, ಬಾಗಿಲಿಗೆ ನೀರು ಹಾಕಿ ಗುಡಿಸುವುದು, ಪೂಜೆಯ ಸಾಮಾನು ಬೆಳಗುವುದು, ಕಬ್ಬಿಣದ ಕಾರ್ಖಾನೆಯ ಆರರ ಪಾಳಿಗೆ ಹೊರಡುವ ಗಂಡ ಹಾಲಸ್ವಾಮಿಯ ಡಬ್ಬಿಗೆ ರೊಟ್ಟಿ ತಟ್ಟುವುದು, ಅತ್ತೆಯ ಒದ್ದೆ ಸೀರೆ ಬದಲಿಸಿ ಒಗೆದು ಹರವುವುದು. ಬೆಳಕು ಹರಿಯುವ ಮೊದಲು ವೀರಮ್ಮ ಇಷ್ಟನ್ನು ಮುಗಿಸುತ್ತಿದ್ದಳು. ಸಾವಿರದ ಒಂಬೈನೂರ ಅರವತ್ತೆರಡರ ಚಳಿಗಾಲದಲ್ಲಿ ಇನ್ನೊಂದು ಕೆಲಸ ಸೇರಿತು: ಅತ್ತೆಗೆ ಬಿಳಿ ಮಾತ್ರೆ ನುಂಗಿಸುವುದು.

ಮಾತ್ರೆ ಬರೆದುಕೊಟ್ಟವರು ಶಿವಮೊಗ್ಗದ ಡಾಕ್ಟರ್ ಏಕಾಂತಪ್ಪ. ಎಪ್ಪತ್ತೆಂಟು ವರ್ಷದ ಅತ್ತೆ ಮಹಾಂತಮ್ಮನ ತೋಳಿಗೆ ಪಟ್ಟಿ ಸುತ್ತಿ ನೋಡಿ, ರಕ್ತದ ಒತ್ತಡ ಹೆಚ್ಚಿದೆ ಎಂದರು. ಹೊರದೇಶದಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ್ದಾರಂತೆ. ಒತ್ತಡ ಹೆಚ್ಚಿದ್ದವರೇ ಬೇಗ ಹೋದರಂತೆ.

ಮಾತ್ರೆ ಶುರುವಾದ ಹತ್ತನೆಯ ಬೆಳಗ್ಗೆ ಮಹಾಂತಮ್ಮ ಸೊಸೆಯ ಭುಜದಾಚೆ ನೋಡಿದಳು.

"ಅವಳಿಗೂ ಒಂದ್ ಲೋಟ ಕಾಫಿ ಕೊಡೇ. ಆಗಿಂದ ಗುಡಿಸ್ತಾ ಇದಾಳೆ."

"ಯಾರತ್ತೆ?"

"ಕಣ್ ಕಾಣಲ್ವಾ? ನಿನ್ ಹಿಂದೇನೇ ಇದಾಳಲ್ಲ."

ವೀರಮ್ಮ ತಿರುಗಿದಳು. ಕಾರ್ಖಾನೆಯ ಕುಲುಮೆಯ ಕೆಂಪು ಕಿಟಕಿಯಿಂದ ಬಂದು ಗೋಡೆಯ ಮೇಲೆ ಅಲುಗುತ್ತಿತ್ತು, ಅಷ್ಟೇ. ಆದರೂ ಆಮೇಲೆ ಬೆನ್ನು ಬಾಗಿಸಿ ಗುಡಿಸುವಾಗೆಲ್ಲ ಇನ್ನೊಂದು ಪೊರಕೆಯ ಸದ್ದು ಕೇಳಿದಂತಾಗುತ್ತಿತ್ತು.

ಅತ್ತೆ ಊಟ ಬಿಟ್ಟಳು. ಏಳಹೋಗಿ ಎರಡು ಸಲ ಬಿದ್ದಳು. "ವಯಸ್ಸಾದ್ರೆ ಹಂಗೇ ಮಾರಾಯ್ತಿ," ಎಂದ ಹಾಲಸ್ವಾಮಿ. "ಡಾಕ್ಟ್ರಿಗಿಂತ ನಿಂಗೆ ಹೆಚ್ಚು ಗೊತ್ತಾ?"

ವೀರಮ್ಮ ಅಡಿಗೆಮನೆ ಗೋಡೆಯ ಮೇಲೆ ಇದ್ದಿಲಿನಿಂದ ಮಾತ್ರೆ ಕೊಟ್ಟ ದಿನಕ್ಕೊಂದು, ಅತ್ತೆಗೆ ಆ ಹೆಂಗಸು ಕಂಡ ದಿನಕ್ಕೊಂದು ಗೆರೆ ಎಳೆದಳು. ಮಾತ್ರೆ ಮುಗಿದು, ತರುವುದು ಎರಡು ವಾರ ತಡವಾಯಿತು. ಬರಬರುತ್ತ ಆ ಹೆಂಗಸು ಕಾಣಿಸದಾದಳು. ಅತ್ತೆ ಸಾರಿಗೆ ಉಪ್ಪು ಸಾಲದೆಂದು ಬೈದು ಎರಡು ರೊಟ್ಟಿ ತಿಂದಳು. ಮಾತ್ರೆ ಮತ್ತೆ ಶುರುವಾಯಿತು. ವಾರದೊಳಗೆ ಹೆಂಗಸೂ ಬಂದಳು.

ವೀರಮ್ಮ ಒಬ್ಬಳೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಮಾತ್ರೆ ನಿಂತಾಗ ಅತ್ತೆ ಸುಧಾರಿಸಿದ್ದನ್ನು ಡಾಕ್ಟರಿಗೆ ಹೇಳಿದಳು.

"ಆ ಸಾವಿರಾರು ಜನರಲ್ಲಿ ನಮ್ಮತ್ತೆ ವಯಸ್ಸಿನ ಹೆಂಗಸ್ರು ಎಷ್ಟ್ ಜನ ಇದ್ರು ಸಾರ್?"

ಡಾಕ್ಟರು ವೈದ್ಯಕೀಯ ಪತ್ರಿಕೆ ತೆರೆದು ಬಹಳ ಹೊತ್ತು ಹಾಳೆ ತಿರುವಿದರು. "ಅರವತ್ತೆರಡು ದಾಟಿದವರನ್ನ ಸೇರಿಸಿಲ್ಲಮ್ಮ. ಹೆಂಗಸ್ರು ಇದಾರೆ, ಈ ವಯಸ್ಸಿನವ್ರು ಇಲ್ಲ."

"ಮತ್ತೆ ಇವರಿಗೂ ಹಂಗೇ ಅಂತ ಹೆಂಗೆ ಗೊತ್ತಾಯ್ತು?"

"ಹಂಗೇ ಇರ್ಬೇಕು ಅಂತ." ಅವರ ದನಿ ತಗ್ಗಿತು. "ನಿಲ್ಸಿದ್ರೆ ಲಕ್ವ ಹೊಡೀಬಹುದು. ನೀವು ಯಜಮಾನ್ರನ್ನ ಕಳ್ಸಿ, ಮಾತಾಡೋಣ."

ಯಜಮಾನರು ಹೋಗಲು ಒಪ್ಪಲಿಲ್ಲ. ಪಾಳಿ ಇತ್ತು.

ಮರುದಿನ ನಸುಕಿನಲ್ಲಿ ಮಹಾಂತಮ್ಮ ಗೋಡೆಯ ಕಡೆ ಕಿವಿಗೊಟ್ಟು ಕೂತಿದ್ದಳು.

"ಅವಳ ಕೆಲಸ ಎಲ್ಲಾ ಮುಗೀತಂತೆ ಕಣೇ. ಇನ್ನು ನನ್ನ ಹಾಸಿಗೆ ಒಂದು ಮಡಚೋದಿದೆಯಂತೆ. ಏಳು ಅಂತಿದಾಳೆ."

ವೀರಮ್ಮನ ಅಂಗೈಯಲ್ಲಿ ಮಾತ್ರೆಯಿತ್ತು. ಕೊಟ್ಟು ಅತ್ತೆ ಸತ್ತರೆ ವಯಸ್ಸಾಗಿತ್ತು ಎನ್ನುತ್ತಾರೆ. ಕೊಡದೆ ಲಕ್ವ ಹೊಡೆದರೆ ಸೊಸೆ ಕೊಂದಳು ಎನ್ನುತ್ತಾರೆ. ಒಳಗಿನ ಕೋಣೆಯಲ್ಲಿ ಹಾಲಸ್ವಾಮಿಯ ಗೊರಕೆ ಕೇಳುತ್ತಿತ್ತು. ಅವನನ್ನು ಎಬ್ಬಿಸಬಹುದಿತ್ತು.

ಎಬ್ಬಿಸಲಿಲ್ಲ. ಬಚ್ಚಲಿಗೆ ಹೋಗಿ ಮಾತ್ರೆಯನ್ನು ಮೋರಿಗೆ ಹಾಕಿ, ಮೇಲೆ ಒಂದು ಚೊಂಬು ನೀರು ಸುರಿದಳು.